ಲೈನ್ ಮನೆ ಬಿಟ್ಟ ಮೇಲೆ: ಒಂದು ಕುಟುಂಬದ ಎರಡೂವರೆ ವರ್ಷ

2021ರ ಜೂನ್ ಎರಡನೇ ವಾರ. ದಕ್ಷಿಣ ಕೊಡಗಿನಲ್ಲಿ ಮಳೆ ಹಿಡಿದಿತ್ತು. ಒಂದು ಕಾಫಿ ತೋಟದ ಕೂಲಿಯವರ ಲೈನ್ ಮನೆಯಿಂದ ಹೊರಟ ಪಿಕಪ್ ಜೀಪಿನಲ್ಲಿ ಆರು ಜನ ಇದ್ದರು. ಸಾಮಾನು ಇಷ್ಟೇ: ಎರಡು ಅಲ್ಯೂಮಿನಿಯಂ ಪಾತ್ರೆ, ಒಂದು ಸ್ಟೀಲ್ ಕೊಡ, ನಾಲ್ಕು ಕಂಬಳಿ, ಬಟ್ಟೆ ತುಂಬಿದ ಮೂರು ಗೊಬ್ಬರದ ಚೀಲ, ಮೂರು ಕೋಳಿ, ಒಂದು ನಾಯಿ. ಇವುಗಳ ಮೇಲೆ ಅಡ್ಡ ಹಾಕಿದ ಒಂದು ಮರದ ಬಾಗಿಲು.

ಬಾಗಿಲು ಯಾಕೆ ಬಿಚ್ಚಿಕೊಂಡು ಬಂದ್ರಿ ಅಂತ ಆಮೇಲೆ ಕೇಳಿದ್ದೆ. "ಅದು ನಮ್ದು ಸಾರ್, ದುಡ್ಡು ಕೊಟ್ಟಿದ್ವಿ" ಅಂದರು ಮಗ. ನಾನು ಅದನ್ನು ಬರೆದುಕೊಳ್ಳಲಿಲ್ಲ. ಬರೆದುಕೊಂಡಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ತೋಟದ ಕೂಲಿಯವರಿಗೆ ಕಾಗದಪತ್ರದಲ್ಲಿ, ಕಾನೂನಿನಲ್ಲಿ ನೆರವಾಗುವ ಸಣ್ಣ ಗುಂಪೊಂದರಲ್ಲಿ ನಾನಿದ್ದೇನೆ. ಇದು ನಾವು ಅರ್ಧ ಗೆದ್ದ, ಅರ್ಧ ಕೆಡಿಸಿದ ಪ್ರಕರಣ. ಇಂಥ ಕೆಲಸ ಮಾಡುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಹೆಸರುಗಳು ನಿಜವಲ್ಲ. ಊರು, ತೋಟ ಯಾವುದು ಅಂತ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಕಾಳ ಅವರಿಗೆ ಆಗ 54 ಇರಬಹುದು. ಯರವ ಬುಡಕಟ್ಟು ಸಮುದಾಯದವರು. ಹೆಂಡತಿ ಚೋಮಿ, ಮಗ ಮಣಿ, ಸೊಸೆ ಗೌರಿ, ಆರನೇ ಕ್ಲಾಸಿನ ಮಗಳು, ಎಂಟು ತಿಂಗಳ ಮೊಮ್ಮಗು. ಕಾಳ ಅವರ ಅಪ್ಪ ಕಾಡಂಚಿನ ಹಾಡಿಯಿಂದ, ಅಂದರೆ ಬುಡಕಟ್ಟಿನವರ ಸಣ್ಣ ಊರಿನಿಂದ, ಈ ತೋಟಕ್ಕೆ ಬಂದದ್ದು 1980ರ ದಶಕದ ಶುರುವಿನಲ್ಲಿ. ಮಣಿ ಹುಟ್ಟಿದ್ದು ಇದೇ ಲೈನಿನಲ್ಲಿ. ಕಾಳ ಅವರ ಅವ್ವ ಸತ್ತಾಗ ಮಣ್ಣು ಮಾಡಿದ್ದು ತೋಟದ ಮೂಲೆಯ ಒಂದು ಬೈನೆ ಮರದ ಬುಡದಲ್ಲಿ.

ಲೈನ್ ಮನೆ ನೋಡದವರಿಗೆ ಹೇಳಬೇಕು. ಒಂದೇ ಉದ್ದ ಮಾಡು, ಅಂದರೆ ಸೂರು, ಅದರ ಕೆಳಗೆ ಸಾಲಾಗಿ ಕೋಣೆಗಳು, ಎದುರಿಗೆ ಒಂದು ನಲ್ಲಿ. ಇವರಿಗೆ ಎರಡು ಕೋಣೆ. ಬಾಡಿಗೆ ಇಲ್ಲ. ತೋಟದ ಸೌದೆ ತಂದುಕೊಳ್ಳಬಹುದು, ಹಿತ್ತಲಲ್ಲಿ ನಾಲ್ಕು ಗಿಡ ಮೆಣಸಿನಕಾಯಿ ಹಾಕಿಕೊಳ್ಳಬಹುದು. ಇದಕ್ಕೆ ಬದಲಾಗಿ ಮನೆಯಲ್ಲಿರುವ ದುಡಿಯುವ ಕೈಗಳೆಲ್ಲ ಆ ತೋಟಕ್ಕೇ ದುಡಿಯಬೇಕು. ಹೊರಗಿನ ಕೆಲಸಕ್ಕೆ ಹೋದರೆ ಮಣಿಗೆ ದಿನಕ್ಕೆ 450 ರೂಪಾಯಿ ಸಿಗುತ್ತಿತ್ತು. ಲೈನಿನಲ್ಲಿ ಇದ್ದುದಕ್ಕೆ 330. ಹೆಂಗಸರಿಗೆ 280. ಆ ಕಳೆದ ದುಡ್ಡೇ ಬಾಡಿಗೆ ಅಂತ ಯಾರೂ ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು.

ಇದರ ಜೊತೆಗೆ ಬುಕ್ಕು. ಮದುವೆಗೆ, ಜ್ವರಕ್ಕೆ, ಹಬ್ಬಕ್ಕೆ ತೆಗೆದುಕೊಂಡ ಅಡ್ವಾನ್ಸ್ ತೋಟದ ಲೆಕ್ಕ ಬರೆಯುವ ರೈಟರ್ ಬುಕ್ಕಿನಲ್ಲಿ ಏರುತ್ತದೆ, ವಾರದ ಬಟವಾಡೆಯಲ್ಲಿ ಸ್ವಲ್ಪ ಇಳಿಯುತ್ತದೆ, ಮತ್ತೆ ಏರುತ್ತದೆ. ಬುಕ್ಕಿನಲ್ಲಿ ಸಾಲ ಇರುವವರೆಗೆ ಬೇರೆ ತೋಟದವರು ಕರೆಯುವುದಿಲ್ಲ. ಕರೆದರೆ ಆ ಸಾಲ ಕಟ್ಟಿಯೇ ಕರೆದುಕೊಂಡು ಹೋಗುತ್ತಾರೆ. ಸಾಲ ಹೊಸ ಬುಕ್ಕಿಗೆ ಹೋಗುತ್ತದೆ, ಅಷ್ಟೇ.

2019ರ ಮೇ ತಿಂಗಳಲ್ಲಿ ಮರಗಸಿ ನಡೆಯುವಾಗ ಕಾಳ ಮರದಿಂದ ಬಿದ್ದರು. ಮಳೆಗಾಲಕ್ಕೆ ಮೊದಲು ನೆರಳಿನ ಮರಗಳ ಕೊಂಬೆ ಇಳಿಸುವ ಕೆಲಸ ಅದು. ಏಣಿ ಇರಲಿಲ್ಲ, ಹಗ್ಗ ಇರಲಿಲ್ಲ. ಸೊಂಟದ ಮೂಳೆ ಮುರಿಯಿತು. ಸಾಹುಕಾರರು, ಅಂದರೆ ತೋಟದ ಮಾಲೀಕರು, ತಾವೇ ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದರು, 22,000 ರೂಪಾಯಿ ಕಟ್ಟಿದರು. ಕುಟುಂಬ ಇವತ್ತಿಗೂ ಅದನ್ನು ಉಪಕಾರ ಅಂತಲೇ ನೆನೆಯುತ್ತದೆ. ಆ 22,000 ಬುಕ್ಕಿಗೆ ಏರಿತು. ಮೊದಲಿನ 16,000 ಸೇರಿ 38,000 ಆಯಿತು.

ಸಮಸ್ಯೆ ಬಂದ ಬಗೆ

ಸಾಹುಕಾರರನ್ನು ರಾಕ್ಷಸ ಮಾಡಿ ಬರೆಯುವುದು ಸುಲಭ. ಆದರೆ ಹಾಗೆ ಮಾಡಿದರೆ ಒಕ್ಕಲೆಬ್ಬಿಸುವಿಕೆ ಹೇಗೆ ನಡೆಯುತ್ತದೆ ಅಂತ ಅರ್ಥ ಆಗುವುದಿಲ್ಲ. ಅವರ ಲೆಕ್ಕ ಸರಳ ಇತ್ತು. ಎರಡು ಕೋಣೆ ಅಂದರೆ ಕನಿಷ್ಠ ಮೂರು ಆಳು ಬರಬೇಕು. ಕಾಳ ಕೋಲು ಹಿಡಿದರು. ಅವರನ್ನು ನೋಡಿಕೊಳ್ಳಲು ಚೋಮಿ ಅರ್ಧ ದಿನ ಮನೆಯಲ್ಲಿ. ಗೌರಿ ಬಾಣಂತಿ. ಉಳಿದದ್ದು ಮಣಿ ಒಬ್ಬರೇ. ಆ ಹೊತ್ತಿಗೆ ಅಸ್ಸಾಂ ಕಡೆಯಿಂದ ಬಂದ ಹುಡುಗರು ಕೊಡಗಿನ ತೋಟಗಳಲ್ಲಿ ಜಾಸ್ತಿ ಆಗಿದ್ದರು. ಅವರಿಗೂ ಇರಲು ಕೋಣೆ ಬೇಕು, ಒಂದು ಕೋಣೆಗೆ ನಾಲ್ಕು ಆಳು.

ಎರಡು ವರ್ಷ ಏನೂ ಹೇಳಲಿಲ್ಲ. ಆಮೇಲೆ ಒಂದು ಶನಿವಾರ ರೈಟರ್ ಬಂದು, ಸಾಹುಕಾರರು 38,000 ಬಿಟ್ಟುಬಿಡುತ್ತಾರೆ, ನೀವು ಲೈನ್ ಖಾಲಿ ಮಾಡಿ ಅಂದರು. ಒಂದು ಕಾಗದಕ್ಕೆ ಕಾಳ, ಚೋಮಿ ಇಬ್ಬರ ಹೆಬ್ಬೆಟ್ಟು ಹಾಕಿಸಿಕೊಂಡರು. ಮಣಿ ಸಹಿ ಮಾಡಿದರು. "ಲೆಕ್ಕ ಚುಕ್ತಾ ಆಗಿದೆ, ನಾವಾಗಿಯೇ ಹೋಗುತ್ತಿದ್ದೇವೆ, ಮುಂದೆ ಏನೂ ಕೇಳುವುದಿಲ್ಲ" ಅಂತ ಅದರಲ್ಲಿ ಇತ್ತು. ಜೀಪನ್ನೂ ಸಾಹುಕಾರರೇ ಕೊಟ್ಟರು.

ಯಾರೂ ಸಾಮಾನು ಹೊರಗೆ ಎಸೆಯಲಿಲ್ಲ. ಕೂಗಾಟ ಇಲ್ಲ, ಪೊಲೀಸ್ ಇಲ್ಲ. ಕುಟುಂಬಕ್ಕೆ ಆ ದಿನ ಸ್ವಲ್ಪ ಖುಷಿಯೂ ಆಗಿತ್ತಂತೆ. ಮೂರು ತಲೆಮಾರಿನಲ್ಲಿ ಮೊದಲ ಸಲ ಯಾರ ಬುಕ್ಕಿನಲ್ಲೂ ಅವರ ಹೆಸರು ಇರಲಿಲ್ಲ.

ಲೈನಿನ ಜೊತೆ ಏನೇನು ಹೋಯಿತು

ಖುಷಿ ಮೂರು ವಾರ ಇತ್ತು.

ಮೊದಲು ಹೋದದ್ದು ಚೋಮಿಯ ತಂಗಿ ಇರುವ ಬೇರೊಂದು ತೋಟದ ಲೈನಿಗೆ. ಅಲ್ಲಿ ಐದು ಜನ, ಇವರು ಆರು. ಎರಡು ಕೋಣೆಯಲ್ಲಿ ಹನ್ನೊಂದು. ಆ ತೋಟದ ಮಾಲೀಕರು ಕೇಳಿದ ಮೊದಲ ಪ್ರಶ್ನೆ "ಎಷ್ಟು ಆಳು?" ಅಂತ. ಮಣಿ, ಗೌರಿ ಇಬ್ಬರೂ ಅಲ್ಲೇ ಕೆಲಸಕ್ಕೆ ಇಳಿಯಬೇಕಾಯಿತು, ಇರಲು ಬಿಡುವುದಕ್ಕೆ. ಮಗುವಿಗೆ ನ್ಯುಮೋನಿಯಾ ಆದಾಗ 12,000 ಅಡ್ವಾನ್ಸ್. ಹೊಸ ಬುಕ್ಕು.

ಕಾಳ ಅವರ ಅಂಗವಿಕಲ ವೇತನ ಅಂಚೆಯಲ್ಲಿ ಬರುತ್ತಿತ್ತು. ಹಳೇ ಲೈನಿಗೆ ಹೋದ ಅಂಚೆಯವರಿಗೆ "ಅವರು ಇಲ್ಲಿಲ್ಲ" ಅಂದರು. ದುಡ್ಡು ವಾಪಸ್ ಹೋಯಿತು. ಎರಡು ಮೂರು ಸಲ ವಾಪಸ್ ಹೋದ ಮೇಲೆ ಬರುವುದೇ ನಿಂತಿತು. ರೇಷನ್ ಕಾರ್ಡ್ ಇತ್ತು, ಹೆಬ್ಬೆಟ್ಟೂ ಹೊಂದುತ್ತಿತ್ತು, ಆದರೆ ಅಂಗಡಿ ಒಂಬತ್ತು ಕಿಲೋಮೀಟರ್. ಆಟೋಗೆ 200 ರೂಪಾಯಿ ಕೊಟ್ಟು ಉಚಿತ ಅಕ್ಕಿ ತರಬೇಕು. ಬುಡಕಟ್ಟು ಕುಟುಂಬಗಳಿಗೆ ಸರ್ಕಾರ ಆಗ ಮಳೆಗಾಲದಲ್ಲಿ ಕೊಡುತ್ತಿದ್ದ ಪೌಷ್ಟಿಕ ಆಹಾರದ ಕಿಟ್, ಅಂದರೆ ಬೇಳೆ, ಮೊಟ್ಟೆ, ಬೆಲ್ಲ, ತುಪ್ಪ, ಹಳೇ ಲೈನಿನ ಪಟ್ಟಿಯಲ್ಲೇ ಉಳಿಯಿತು. ಮಗಳು ಶಾಲೆ ಬಿಟ್ಟಳು. ಶಾಲೆಗೆ ಹೋಗುವ ದಾರಿಯಲ್ಲಿ ಆನೆ ಇತ್ತು, ಜೊತೆಗೆ ಹೋಗುವ ಮಕ್ಕಳು ಇರಲಿಲ್ಲ.

ನಮ್ಮ ಹತ್ತಿರ ಬರುವವರಲ್ಲಿ ಹೆಚ್ಚಿನವರು "ಮನೆ ಹೋಯ್ತು" ಅಂತಲೇ ಬರುತ್ತಾರೆ. ನಾವೂ ಹಾಗೇ ಅರ್ಜಿ ಬರೆಯುತ್ತೇವೆ. ಈ ಕುಟುಂಬವನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಎರಡು ಕೋಣೆ ಇನ್ನೆಲ್ಲೋ ಹೇಗೋ ಸಿಗುತ್ತದೆ. ಆ ತೋಟದ ಹೆಸರಿನ ಜೊತೆ ಅಂಟಿಕೊಂಡಿದ್ದ ವಿಳಾಸ ಮತ್ತೆ ಸಿಗುವುದಿಲ್ಲ. ಅದು ಅವರ ಹೆಸರಿನಲ್ಲಿ ಎಂದೂ ಇರಲೇ ಇಲ್ಲ. ಕರೆಂಟ್ ಬಿಲ್ ತೋಟದ್ದು, ನೀರು ತೋಟದ್ದು, ರೇಷನ್ ಕಾರ್ಡಿನಲ್ಲೂ ತೋಟದ ಹೆಸರು.

ಸೆಪ್ಟೆಂಬರ್‌ನಲ್ಲಿ ತಂಗಿಯ ಲೈನೂ ಬಿಡಬೇಕಾಯಿತು. ರಸ್ತೆ ಪಕ್ಕದ ಪೈಸಾರಿ ಜಾಗದಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಆಗಲೇ ಏಳು ಗುಡಿಸಲು ಇದ್ದವು. ಅಲ್ಲಿ ಟಾರ್ಪಾಲು ಕಟ್ಟಲು ಕಾಳ ಒಪ್ಪಲಿಲ್ಲ. ಅವರ ಕಣ್ಣ ಮುಂದೆ ದಿಡ್ಡಳ್ಳಿ ಇತ್ತು. 2016ರ ಡಿಸೆಂಬರಿನಲ್ಲಿ ದೇವಮಚ್ಚಿ ಮೀಸಲು ಅರಣ್ಯದ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಕುಟುಂಬಗಳ ಗುಡಿಸಲುಗಳನ್ನು ಕೆಡವಿದ್ದರು. ಅಲ್ಲಿದ್ದವರಲ್ಲಿ ತುಂಬಾ ಜನ ಲೈನ್ ಮನೆಗಳನ್ನು ಬಿಟ್ಟು ಬಂದವರೇ. ತಿಂಗಳುಗಟ್ಟಲೆ ಹೋರಾಟ ನಡೆದು, ಕೊನೆಗೆ ಕೊಡಗಿನದೇ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಜಾಗ ಸಿಕ್ಕಿತು. "ಅಷ್ಟು ಜನ ಇದ್ರು, ಅದಕ್ಕೆ ಸಿಕ್ತು. ನಾವು ಆರು ಜನ" ಅಂದರು ಕಾಳ. ಅವರ ಮಾತು ತಪ್ಪಲ್ಲ. ಆದರೂ ಬೇರೆ ದಾರಿ ಇರಲಿಲ್ಲ. ಟಾರ್ಪಾಲು ಕಟ್ಟಿದರು. ಬಾಗಿಲನ್ನು ಹಿಂದಿನ ಗೋಡೆಗೆ ಗಾಳಿ ತಡೆಯಲು ಒರಗಿಸಿದರು.

ನಾವು ಹುಡುಕಿದ ದಾರಿಗಳು

ಅವರು ನಮ್ಮ ಹತ್ತಿರ ಬಂದದ್ದು ಆಗ. ನಾವು ಮಾಡಿದ ಮೊದಲ ಕೆಲಸ ಕಾನೂನು ಪುಸ್ತಕ ತೆಗೆದದ್ದು. ಕೊಡಗಿನ ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 38ನೇ ಕಲಂ ಕೃಷಿ ಕೂಲಿಯವರಿಗಾಗಿಯೇ ಇದೆ. ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡಿರುವ ಕೂಲಿಗೆ ಆ ಮನೆ, ಅದರ ಅಡಿ ಜಾಗ ಕೊಡಿಸುವುದು ಅದರ ಉದ್ದೇಶ. ಓದಿದಾಗ ಇದಕ್ಕಿಂತ ಇನ್ನೇನು ಬೇಕು ಅನ್ನಿಸುತ್ತದೆ. ಆಮೇಲೆ 104ನೇ ಕಲಂಗೆ ಬಂದರೆ, ಕಾಫಿ, ಟೀ, ರಬ್ಬರ್, ಏಲಕ್ಕಿಯಂಥ ಪ್ಲಾಂಟೇಷನ್‌ಗಳಿಗೆ 38ನೇ ಕಲಂ ಅನ್ವಯ ಆಗುವುದಿಲ್ಲ ಅಂತ ಬರೆದಿದೆ. ಮಂಡ್ಯದ ಗದ್ದೆ ಬದಿಯ ಕೂಲಿಗೆ ಸಿಗಬಹುದಾಗಿದ್ದು ಕೊಡಗಿನ ತೋಟದ ಕೂಲಿಗೆ ಇಲ್ಲ. ಒಂದು ಸಾಲು ಎಷ್ಟು ಮನೆ ತಿಂದಿದೆಯೋ.

ಸರಿ, ಪ್ಲಾಂಟೇಷನ್ ಅಂತಾದರೆ ಆಗ 1951ರ ತೋಟ ಕಾರ್ಮಿಕರ ಕಾಯ್ದೆ ಇತ್ತಲ್ಲ? ಅದರಲ್ಲಿ ಮನೆ ಕೊಡುವುದು ಮಾಲೀಕರ ಹೊಣೆ ಆಗಿತ್ತು. ಆದರೆ ಅದು ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಐದು ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ, 15 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ತೋಟಗಳನ್ನು. ಐದು ಹೆಕ್ಟೇರ್ ಅಂದರೆ ಸುಮಾರು 12 ಎಕರೆ 35 ಸೆಂಟ್. ಈ ತೋಟ 44 ಎಕರೆ, ಆದರೆ ಪಹಣಿಯಲ್ಲಿ ನಾಲ್ಕು ಜನರ ಹೆಸರಿನಲ್ಲಿ ಹನ್ನೊಂದು ಹನ್ನೊಂದು. ಗೇಟು ಒಂದು, ರೈಟರ್ ಒಬ್ಬರು, ಕಣ ಒಂದು, ಕಾಗದದಲ್ಲಿ ಮಾತ್ರ ನಾಲ್ಕು ತೋಟ. ಕಾರ್ಮಿಕ ಇಲಾಖೆಯವರು ಪಹಣಿ ನೋಡಿ ತಲೆ ಅಲ್ಲಾಡಿಸಿದರು.

ಅರಣ್ಯ ಹಕ್ಕು ಕಾಯ್ದೆಯಲ್ಲಿ ಕೇಳೋಣ ಅಂದರೆ, 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ಇದ್ದಿರಬೇಕು. ಇವರು ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಹಾಡಿ ಬಿಟ್ಟಿದ್ದರು. ಕಾನೂನು ಬಾಹಿರವಾಗಿ ಹೊರಗೆ ಹಾಕಿದವರಿಗೆ ಅದರಲ್ಲಿ ಒಂದು ಅವಕಾಶ ಇದೆ, ಆದರೆ ಕಾಳ ಅವರ ಅಪ್ಪ ಯಾಕೆ ಹೊರಟು ಬಂದರು ಅಂತ ಹೇಳುವವರು ಯಾರೂ ಉಳಿದಿಲ್ಲ. ಪೈಸಾರಿಯಲ್ಲಿ ಮನೆ ಕಟ್ಟಿಕೊಂಡವರಿಗೆ ಭೂ ಕಂದಾಯ ಕಾಯ್ದೆಯ 94ಸಿ ಇದೆ, ಆದರೆ ಮನೆ 2015ರ ಜನವರಿ 1ಕ್ಕೆ ಮೊದಲಿನದಾಗಿರಬೇಕು. ಇವರ ಟಾರ್ಪಾಲಿಗೆ ಒಂದು ವಾರ. ಆಮೇಲೆ, 2022ರ ಕೊನೆಗೆ, ಸರ್ಕಾರಿ ಜಾಗ ಒತ್ತುವರಿ ಮಾಡಿ ತೋಟ ಬೆಳೆಸಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಅದೇ ಕಾಯ್ದೆಗೆ ತಿದ್ದುಪಡಿ ಬಂತು. ಇದನ್ನು ಮಣಿಗೆ ಹೇಳಿದಾಗ ನಕ್ಕುಬಿಟ್ಟರು. ನಾನೂ ನಕ್ಕೆ. ಇನ್ನೇನು ಮಾಡೋದು?

ಉಳಿದದ್ದು ಎರಡು. ಒಂದು, ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ. ಪರಿಶಿಷ್ಟ ಪಂಗಡದವರನ್ನು ಇದ್ದ ಮನೆಯಿಂದ ಬಲವಂತವಾಗಿ ಹೊರಡಿಸುವುದು ಅದರಲ್ಲಿ ಅಪರಾಧ. ನಮ್ಮ ಗುಂಪಿನ ಹುಡುಗರಿಗೆ ಇದೇ ಬೇಕಿತ್ತು. ಕುಟುಂಬ ಒಂದು ರಾತ್ರಿ ಕೂತು ಮಾತಾಡಿ ಬೇಡ ಅಂದಿತು. ಕಾಳ ಅವರ ತಮ್ಮ, ಇಬ್ಬರು ಅಳಿಯಂದಿರು ಇನ್ನೂ ಅದೇ ತೋಟದ ಲೈನಿನಲ್ಲಿ ಇದ್ದರು. ಕೇಸು ಹಾಕಿದವರ ಕಡೆಯವರು ಅಂದರೆ ಸುತ್ತಲಿನ ಹತ್ತು ತೋಟದಲ್ಲಿ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ನಮ್ಮ ಹುಡುಗರಿಗೆ ಬೇಜಾರಾಯಿತು. ನನಗೆ ಈಗಲೂ ಕುಟುಂಬದ ತೀರ್ಮಾನವೇ ಸರಿ ಅನ್ನಿಸುತ್ತದೆ. ಕೇಸಿನ ಮರುದಿನ ಬೆಳಿಗ್ಗೆ ಅಲ್ಲಿ ಏಳಬೇಕಾದವರು ಅವರು, ನಾವಲ್ಲ.

ಎರಡನೆಯದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಅದರ ಪ್ರಕಾರ ಜೀತದ ಸಾಲ ತೀರಿಸಬೇಕಾಗಿಲ್ಲ. ಜೀತದಿಂದ ಬಿಡುಗಡೆ ಆದವರನ್ನು ಇದ್ದ ಮನೆಯಿಂದ ಎಬ್ಬಿಸಬಾರದು ಅಂತ 8ನೇ ಕಲಂ ಹೇಳುತ್ತದೆ. ಸಾಲ ಜೀತದ್ದಲ್ಲ ಅಂತ ತೋರಿಸುವ ಹೊಣೆ ಸಾಲ ಕೊಟ್ಟವರ ಮೇಲೆ. ನಾವು ಇದನ್ನು ಆರಿಸಿಕೊಂಡೆವು. ನವೆಂಬರ್‌ನಲ್ಲಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟೆವು.

ವಿಚಾರಣೆ ದಿನ

ಕೆಟ್ಟದ್ದು ಇಲ್ಲೇ. ವಿಚಾರಣೆಗೆ ಬಂದ ಅಧಿಕಾರಿ ಹೇಳಿಕೆ ತೆಗೆದುಕೊಂಡದ್ದು ತೋಟದ ಕಣದಲ್ಲಿ. ಸಾಹುಕಾರರು ಕುರ್ಚಿ ಹಾಕಿಸಿದ್ದರು, ರೈಟರ್ ಕಾಫಿ ತಂದರು. ಕಾಳ ಕೋಲು ಊರಿ ನಿಂತಿದ್ದರು. ಕೂತುಕೊಳ್ಳಿ ಅಂತ ಯಾರೂ ಹೇಳಲಿಲ್ಲ, ನನಗೂ ತೋಚಲಿಲ್ಲ.

"ನಿನ್ನನ್ನ ಕಟ್ಟಿ ಹಾಕಿದ್ರಾ?"

"ಇಲ್ಲ ಸಾರ್."

"ಹೊಡೀತಿದ್ರಾ?"

"ಇಲ್ಲ ಸಾರ್. ಸಾಹುಕಾರ್ರು ಆಸ್ಪತ್ರೆಗೆ ಸೇರಿಸಿದ್ರು."

"ಸಂತೆಗೆ ಹೋಗ್ತಿದ್ಯಾ?"

"ಹೋಗ್ತಿದ್ದೆ ಸಾರ್."

ಹತ್ತು ನಿಮಿಷದಲ್ಲಿ ಮುಗಿಯಿತು. ಜೀತ ಕಂಡುಬಂದಿಲ್ಲ ಅಂತ ವರದಿ. ಕಾಳ ಒಂದು ಸುಳ್ಳೂ ಹೇಳಿರಲಿಲ್ಲ. ಪ್ರಶ್ನೆಗಳೇ ಬೇರೆ ಇರಬೇಕಿತ್ತು. ಸಾಲ ಇದ್ದಾಗ ಪಕ್ಕದ ತೋಟಕ್ಕೆ ಕೆಲಸಕ್ಕೆ ಹೋಗಬಹುದಿತ್ತಾ? ಹೊರಗೆ 450 ಇರುವಾಗ 330ಕ್ಕೆ ಯಾಕೆ ಇದ್ದಿರಿ? ಹೆಂಡತಿ ಒಂದು ದಿನ ಬರದಿದ್ದರೆ ಏನು ಹೇಳುತ್ತಿದ್ದರು? ಕಾಯ್ದೆಯಲ್ಲೂ ಜೀತ ಅಂದರೆ ಸರಪಳಿ ಮಾತ್ರ ಅಲ್ಲ. ಬೇರೆ ಕಡೆ ದುಡಿಯುವ ಸ್ವಾತಂತ್ರ್ಯ ಸಾಲದಿಂದ ಹೋಗಿದ್ದರೂ ಅದು ಜೀತವೇ. ಹೇಳಿಕೆಯನ್ನು ತೋಟದ ಹೊರಗೆ, ಮಾಲೀಕರ ಕಡೆಯವರು ಇಲ್ಲದ ಜಾಗದಲ್ಲಿ ತೆಗೆದುಕೊಳ್ಳಿ ಅಂತ ನಾವು ಮೊದಲೇ ಬರೆದು ಕೇಳಬೇಕಿತ್ತು. ಕೇಳಲಿಲ್ಲ. ಅರ್ಜಿಗೆ ಮೂರು ವಾರ ಕೂತಿದ್ದೆವು, ಕಾಳ ಅವರ ಜೊತೆ ಒಂದು ಗಂಟೆ ಕೂತಿರಲಿಲ್ಲ.

ಇನ್ನೊಂದು ತಪ್ಪು ನನ್ನ ಸ್ವಂತದ್ದು. ಮರದಿಂದ ಬಿದ್ದದ್ದಕ್ಕೆ ಆಗ 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲಿ ಕೇಳಬಹುದಿತ್ತು, ಅದಕ್ಕೆ ಎರಡು ವರ್ಷದ ಗಡುವು ಇತ್ತು. 2019ರ ಮೇ ಬಿದ್ದದ್ದು, ನಮ್ಮ ಹತ್ತಿರ ಬಂದದ್ದು 2021ರ ಸೆಪ್ಟೆಂಬರ್. ಫೈಲಿನ ಮೇಲೆ ನಾನೇ ಕೆಂಪು ಪೆನ್ನಿನಲ್ಲಿ "ಅವಧಿ ಮುಗಿದಿದೆ" ಅಂತ ಬರೆದಿಟ್ಟೆ.

ಕುಂಡೆ ಹಬ್ಬ

ಮರುವರ್ಷದ ಮೇ ತಿಂಗಳು. ಕುಂಡೆ ಹಬ್ಬ ಅಂದರೆ ದಕ್ಷಿಣ ಕೊಡಗಿನವರಿಗೆ ಗೊತ್ತು. ಯರವರು, ಕುರುಬರು ವೇಷ ಹಾಕಿ, ಗಂಡಸರು ಸೀರೆ ಉಟ್ಟು, ಡಬ್ಬ ಬಡಿಯುತ್ತಾ ಮನೆ ಮನೆಗೆ ಹೋಗಿ ಎದುರಿಗೆ ಸಿಕ್ಕವರನ್ನೆಲ್ಲ ಬೈಯುತ್ತಾರೆ. ದೇವರನ್ನೂ ಬಿಡುವುದಿಲ್ಲ. ಆ ದಿನ ಯಾರೂ ಸಿಟ್ಟಾಗುವಂತಿಲ್ಲ, ದುಡ್ಡು ಕೊಟ್ಟು ಕಳಿಸಬೇಕು.

ಮಣಿ ಗುಂಪಿನ ಜೊತೆ ಹಳೇ ಸಾಹುಕಾರರ ಮನೆ ಅಂಗಳಕ್ಕೆ ಹೋದರು. ಗೌರಿಯ ಹಸಿರು ಸೀರೆ, ಮುಖಕ್ಕೆ ಮಸಿ. ಮೂವತ್ತು ವರ್ಷದ ಬೈಗುಳ ಅಲ್ಲಿ ಬಿತ್ತಂತೆ. ಸೊಂಟ ಮುರಿದದ್ದು, ಬುಕ್ಕು, ಬಾಗಿಲು, ಎಲ್ಲ ಬಂತು, ಹಾಡಿನಲ್ಲಿ. ಸಾಹುಕಾರರು ಜಗಲಿಯಲ್ಲಿ ನಿಂತು ಕೇಳಿದರು. 500 ರೂಪಾಯಿ ಕೊಟ್ಟರು. ಮಾರನೇ ದಿನ ರೈಟರನ್ನು ಪೈಸಾರಿಗೆ ಕಳಿಸಿದರು.

ಬಂದದ್ದು ಒಂದು ಮಾತು. ಅಸ್ಸಾಂ ಹುಡುಗರು ಊರಿಗೆ ಹೋದವರು ವಾಪಸ್ ಬಂದಿಲ್ಲ, ಲೈನ್ ಖಾಲಿ ಇದೆ, ನೀವು ಬನ್ನಿ. ಕಾಳನೂ ಇರಲಿ. ಅರ್ಜಿ ಗಿರ್ಜಿ ಎಲ್ಲ ಬಿಡಬೇಕು. ಆ 38,000 ಮತ್ತೆ ಬುಕ್ಕಿಗೆ ಏರುತ್ತದೆ.

ಇಡೀ ಪ್ರಕರಣದ ತಿರುವು ಇದು. ನಾವು ದೂರ ನಿಂತೆವು, ಹೋಗಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಚೋಮಿಗೆ ಹೋಗುವ ಆಸೆ. ಅಲ್ಲಿ ನಲ್ಲಿ ಇದೆ, ಅತ್ತೆಯ ಮಣ್ಣು ಇದೆ. ಇಲ್ಲಿ ಹಿಂದಿನ ವಾರವಷ್ಟೇ ಆನೆ ಎರಡು ಗುಡಿಸಲು ಕಿತ್ತಿತ್ತು. ಕಾಳ ಏನೂ ಮಾತಾಡಲಿಲ್ಲ. ಬೇಡ ಅಂದದ್ದು ಗೌರಿ. "ಬಿಟ್ಟ ಸಾಲ ಮತ್ತೆ ಹೇಗೆ ಬಂತು? ಅದು 38,000 ಹೇಗಾಯ್ತು ಅಂತ ನೋಡಿ ಸಾರ್" ಅಂತ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮುಂದೆ ಸುರಿದರು.

ಕವರಿನಲ್ಲಿ ತಾಯಿ ಕಾರ್ಡ್ ಇತ್ತು, ವಿಳಾಸದ ಜಾಗದಲ್ಲಿ ತೋಟದ ಹೆಸರು, "ಲೈನ್" ಅಂತ. ಮಗುವಿನ ಚುಚ್ಚುಮದ್ದಿನ ಚೀಟಿ ಇತ್ತು. ಆಸ್ಪತ್ರೆಯ ಬಿಡುಗಡೆ ಚೀಟಿ ಇತ್ತು, "ಮರದಿಂದ ಬಿದ್ದದ್ದು" ಅಂತ ವೈದ್ಯರ ಅಕ್ಷರದಲ್ಲಿ. ಮತ್ತೆ ಒಂದು ಚಿಕ್ಕ ನೋಟ್‌ಬುಕ್. ವಾರ ವಾರ ರೈಟರ್ ಬರೆದುಕೊಟ್ಟ ಚೀಟಿ ಪುಸ್ತಕ. ಯಾರ ಎಷ್ಟು ದಿನ, ಎಷ್ಟು ಕಡಿತ, ಎಲ್ಲ ಇತ್ತು. ಒಂದು ಪುಟದಲ್ಲಿ "ಬಾಗಿಲು 1,800". ಇನ್ನೊಂದರಲ್ಲಿ "ಕಾಳ ಆಸ್ಪತ್ರೆ 22,000".

ನಾವು ಒಂಬತ್ತು ತಿಂಗಳಿಂದ "ದಾಖಲೆ ಏನಾದ್ರೂ ಇದೆಯಾ?" ಅಂತ ಕೇಳುತ್ತಿದ್ದೆವು. ಅವರು ಇಲ್ಲ ಅನ್ನುತ್ತಿದ್ದರು. ದಾಖಲೆ ಅಂದರೆ ಅವರಿಗೆ ಸೀಲು ಹೊಡೆದ ಕಾಗದ. ಈ ಪುಸ್ತಕ ದಾಖಲೆ ಅಂತ ಅವರಿಗೆ ಯಾರು ಹೇಳಿದ್ದರು?

ಆಮೇಲೆ ನಡೆದದ್ದು

ನೋಟ್‌ಬುಕ್ ತೆಗೆದುಕೊಂಡು ಪರಿಚಯದ ಯುವ ವಕೀಲರೊಬ್ಬರ ಹತ್ತಿರ ಹೋದೆ. ಅವರು ಫೈಲಿನ ಮೇಲಿನ ನನ್ನ ಕೆಂಪು ಅಕ್ಷರ ನೋಡಿ, "ಇದನ್ನು ಯಾರು ಬರೆದದ್ದು?" ಅಂತ ಕೇಳಿದರು. ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಗಡುವಿನ ಲೆಕ್ಕಕ್ಕೆ ಹಿಡಿಯಬಾರದು ಅಂತ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಆದೇಶ ಮಾಡಿತ್ತು. ಕಾಳ ಅವರಿಗೆ ಇನ್ನೂ ತಿಂಗಳುಗಟ್ಟಲೆ ಸಮಯ ಇತ್ತು. ಹೆಬ್ಬೆಟ್ಟಿನ ಕಾಗದದ ಬಗ್ಗೆ ಕೇಳಿದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ನಡೆಯುವುದಿಲ್ಲ ಅಂತ ಆ ಕಾಯ್ದೆಯ 17ನೇ ಕಲಂ ಇದೆ ಅಂದರು. ನಾಚಿಕೆ ಆಯಿತು. ಎರಡೂ ನನಗೆ ಗೊತ್ತಿರಬೇಕಾದ ವಿಷಯಗಳು.

2022ರ ಆಗಸ್ಟ್‌ನಲ್ಲಿ ಅರ್ಜಿ ಹಾಕಿದೆವು. ಎದುರಿನವರ ವಾದ, ಕಾಳ ನಮ್ಮ ಕೆಲಸಗಾರರೇ ಅಲ್ಲ, ಮರಗಸಿ ಗುತ್ತಿಗೆದಾರನ ಕಡೆಯವರು, ಲೈನಿನಲ್ಲಿ ಸ್ವಲ್ಪ ದಿನ ಇದ್ದಿರಬಹುದು ಅಂತ. ವಕೀಲರು ಕೇಳಿದ್ದು ಒಂದೇ. ಸ್ವಲ್ಪ ದಿನ ಇರುವ ಗುತ್ತಿಗೆಯವರ ಲೆಕ್ಕದಲ್ಲಿ ನಿಮ್ಮ ಲೈನಿನ ಬಾಗಿಲಿಗೆ 1,800 ಯಾಕೆ ಹಿಡಿದಿರಿ? ಪುಸ್ತಕದ ಅಕ್ಷರ ತನ್ನದೇ ಅಂತ ರೈಟರ್ ಒಪ್ಪಿದರು. ಅದಾದ ಮೇಲೆ ರಾಜಿ ಮಾತು ಬಂತು. 2023ರ ಜುಲೈನಲ್ಲಿ 1,40,000 ರೂಪಾಯಿಗೆ ಮುಗಿಯಿತು, ಹಳೇ ಸಾಲದ ಮಾತು ಎತ್ತುವುದಿಲ್ಲ ಅಂತ ಬರೆದುಕೊಟ್ಟರು. ಕೊನೆವರೆಗೆ ಹೋಗಿದ್ದರೆ ಜಾಸ್ತಿ ಬರುತ್ತಿತ್ತು ಅಂತ ವಕೀಲರ ಅಭಿಪ್ರಾಯ. ಮಳೆಗಾಲ ಮುಗಿಯುವುದರೊಳಗೆ ಶೀಟು ಹಾಕಬೇಕು ಅಂತ ಕುಟುಂಬದ ಲೆಕ್ಕ.

ಮಗಳನ್ನು ಆಶ್ರಮ ಶಾಲೆಗೆ, ಅಂದರೆ ಬುಡಕಟ್ಟು ಮಕ್ಕಳ ವಸತಿ ಶಾಲೆಗೆ, ಸೇರಿಸುವ ವಿಷಯದಲ್ಲಿ ನಾನು ಹಟ ಮಾಡಿದ್ದೆ. ಎರಡು ಸಲ ಓಡಿ ಬಂದಳು. ಮೂರನೇ ಸಲ ಚೋಮಿಯೇ ಕರೆದುಕೊಂಡು ಹೋಗಿ, ಅಲ್ಲೇ ಎರಡು ದಿನ ಶಾಲೆಯ ವರಾಂಡದಲ್ಲಿ ಮಲಗಿ, ಬಿಟ್ಟು ಬಂದರು. ಅವಳು ನಿಂತದ್ದು ಅದರಿಂದ, ನನ್ನ ಹಟದಿಂದ ಅಲ್ಲ.

ನಮ್ಮಲ್ಲಿ ಬದಲಾದದ್ದು

ಈಗ ಲೈನ್ ಬಿಡಿಸುತ್ತಿದ್ದಾರೆ ಅಂತ ಯಾರು ಬಂದರೂ ನಾವು ಮೊದಲು ಕಾನೂನು ಪುಸ್ತಕ ತೆಗೆಯುವುದಿಲ್ಲ. "ಕವರ್ ತನ್ನಿ" ಅನ್ನುತ್ತೇವೆ. ಪ್ರತಿ ಮನೆಯಲ್ಲೂ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ, ಮಾಡಿನ ಸಂದಿಯಲ್ಲೋ ಅಕ್ಕಿ ಡಬ್ಬದಲ್ಲೋ. ತಾಯಿ ಕಾರ್ಡ್, ಅಂಗನವಾಡಿ ಪುಸ್ತಕ, ಶಾಲೆಯ ವರ್ಗಾವಣೆ ಪತ್ರ, ವಾರದ ಚೀಟಿ ಎಲ್ಲ ಅದರಲ್ಲಿ. ಅಲ್ಲಿ ಇಲ್ಲದ್ದನ್ನು ಹೊರಗೆ ಹುಡುಕುತ್ತೇವೆ. ಪೌಷ್ಟಿಕ ಆಹಾರ ಹಂಚಿದ ಪಟ್ಟಿಯಲ್ಲಿ ಹೆಬ್ಬೆಟ್ಟು ಇರುತ್ತದೆ, ಹಳೇ ಮತದಾರರ ಪಟ್ಟಿಯಲ್ಲಿ ಹೆಸರು ಇರುತ್ತದೆ. ಅದೇ ದಿನ ಮೊಬೈಲಿನಲ್ಲಿ ಎಲ್ಲದರ ಫೋಟೋ, ಲೈನಿನ ಒಳಗಿನ ಫೋಟೋ ಕೂಡ.

ಖಾಲಿ ಮಾಡುವ ಮೊದಲೇ ಬಂದರೆ ಅಂಚೆ ಕಚೇರಿಗೆ, ರೇಷನ್ ಅಂಗಡಿಗೆ, ಅಂಗನವಾಡಿಗೆ ಆ ವಾರವೇ ಅರ್ಜಿ ಕೊಡಿಸುತ್ತೇವೆ. ಕೇಸಿಗಿಂತ ಮೊದಲು ಅದು. ಪಿಂಚಣಿ ನಿಂತ ಮೇಲೆ ಮತ್ತೆ ಶುರು ಮಾಡಿಸಲು ಕಾಳ ಅವರ ವಿಷಯದಲ್ಲಿ ಹತ್ತು ಸಲ ಓಡಾಡಿದ್ದೇವೆ. ನಿಲ್ಲದ ಹಾಗೆ ನೋಡಿಕೊಳ್ಳಲು ಒಂದು ಅರ್ಜಿ ಸಾಕಿತ್ತು.

ಹೇಳಿಕೆ ಇದ್ದರೆ, ಹೇಳುವವರ ಜೊತೆ ಎರಡು ದಿನ ಕೂರುತ್ತೇವೆ. ಹೇಳಿಕೊಡುವುದಕ್ಕಲ್ಲ. ಎಂಥ ಪ್ರಶ್ನೆ ಬರಬಹುದು, ಕೂತು ಮಾತಾಡಬಹುದು, "ಸಾಹುಕಾರರು ಒಳ್ಳೆಯವರು" ಅಂತಲೂ "ಬೇರೆ ಕಡೆ ಹೋಗಲು ಆಗುತ್ತಿರಲಿಲ್ಲ" ಅಂತಲೂ ಒಟ್ಟಿಗೆ ಹೇಳಬಹುದು ಅಂತ ತಿಳಿಸುವುದಕ್ಕೆ. ಎರಡೂ ನಿಜ ಆಗಿರುತ್ತದೆ, ಅಲ್ವಾ?

ಗಡುವು ಮುಗಿದಿದೆ ಅಂತ ವಕೀಲರನ್ನು ಕೇಳದೆ ನಾನು ಈಗ ಎಲ್ಲೂ ಬರೆಯುವುದಿಲ್ಲ. ಕೆಂಪು ಪೆನ್ನು ಬಿಟ್ಟಿದ್ದೇನೆ.

ಈಗ

1,40,000ದಲ್ಲಿ 12,000 ತಂಗಿಯ ತೋಟದ ಬುಕ್ಕಿಗೆ ಹೋಯಿತು. 50,000 ಮಗಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿದೆ. ಉಳಿದದ್ದರಲ್ಲಿ ಶೀಟು, ಮರ, ಎರಡು ಆಡು. ಮಣಿ, ಗೌರಿ ಇಬ್ಬರೂ ದಿನಗೂಲಿಗೆ ಬೇರೆ ಬೇರೆ ತೋಟಕ್ಕೆ ಜೀಪಿನಲ್ಲಿ ಹೋಗುತ್ತಾರೆ. ಕೆಲಸ ಇದ್ದ ದಿನ ಹೆಚ್ಚು ದುಡ್ಡು, ಮಳೆಗಾಲದಲ್ಲಿ ಎಷ್ಟೋ ದಿನ ಏನೂ ಇಲ್ಲ. ನೀರು ತೊರೆಯಿಂದ. ಪಂಚಾಯಿತಿಯ ನಿವೇಶನ ಇಲ್ಲದವರ ಪಟ್ಟಿಯಲ್ಲಿ ಹೆಸರು ಸೇರಿದೆ, ಸೈಟು ಬಂದಿಲ್ಲ. ಅವ್ವನ ಮಣ್ಣಿಗೆ ವರ್ಷಕ್ಕೊಮ್ಮೆ ಹೋಗಿ ಬರಲು ಹಳೇ ತೋಟದ ಗೇಟು ತೆಗೆಯುತ್ತಾರೆ. ಅದಕ್ಕೆ ಯಾವ ಅರ್ಜಿಯೂ ಬೇಕಾಗಲಿಲ್ಲ, ಕಾಳ ಹೋಗಿ ಕೇಳಿದರು, ಅಷ್ಟೇ.

ಹೊಸ ಶೀಟಿನ ಮನೆಗೆ ಬಾಗಿಲು ಕೂರಿಸುವಾಗ ಚೌಕಟ್ಟಿಗಿಂತ ಎರಡು ಇಂಚು ಉದ್ದ ಆಯಿತು. ಮಣಿ ಕೆಳಗಿನಿಂದ ಗರಗಸದಲ್ಲಿ ಕೊಯ್ದರು. ಆ ಸಾಲಿನ ಒಂಬತ್ತು ಗುಡಿಸಲುಗಳಲ್ಲಿ ಮರದ ಬಾಗಿಲು ಇರುವುದು ಇದೊಂದಕ್ಕೇ. ನವೆಂಬರ್‌ನಲ್ಲಿ ಪಿಂಚಣಿ ಮತ್ತೆ ಶುರುವಾದಾಗ ಹೊಸ ಅಂಚೆಯವರು ದಾರಿ ಕೇಳಿದರು. "ಬಾಗಿಲು ಇರೋ ಮನೆ" ಅಂತ ಪಕ್ಕದವರು ತೋರಿಸಿದರು.